ನಗುವಿಗೆ ಮುಂಚಿನ ಆ ಒಂದು ಗಳಿಗೆ

ಮಾನ್ಯ ಸಂಪಾದಕರೇ,

ಕನ್ನಡದ ಹಾಸ್ಯವನ್ನು ಟಿ.ವಿ. ಸ್ಕಿಟ್‌ಗಳು ಕೆಡಿಸಿದವು ಎಂಬ ಅಭಿಪ್ರಾಯದ ಲೇಖನವನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಹಿಂದಿನದೆಲ್ಲ ಶುದ್ಧ, ಇಂದಿನದೆಲ್ಲ ಅಗ್ಗ ಎನ್ನುವ ಲೇಖಕರ ತೀರ್ಮಾನವನ್ನು ಒಪ್ಪಲು ನನಗೆ ಕಷ್ಟವಾಯಿತು. ಏನೋ ಕೆಟ್ಟಿರುವುದು ನಿಜ. ಆದರೆ ಕೆಟ್ಟ ಜಾಗ ಅವರು ಬೆರಳು ತೋರಿಸಿದ್ದಲ್ಲ ಎಂದು ಹೇಳುವುದಕ್ಕಾಗಿ ಈ ಪತ್ರ.

ನಾನು ತಿಪಟೂರು ಸೀಮೆಯವನು. 1960ರ ದಶಕದಲ್ಲಿ ನಮ್ಮ ಕಡೆ ಜಾತ್ರೆಯ ಹೊತ್ತಿಗೆ ನಾಟಕ ಕಂಪನಿಗಳು ಬಂದು ಕ್ಯಾಂಪು ಹಾಕುತ್ತಿದ್ದವು. ಕಂಪನಿ ನಾಟಕದಲ್ಲಿ ಹಾಸ್ಯಕ್ಕೆಂದು ಬೇರೆಯೇ ದೃಶ್ಯಗಳಿರುತ್ತಿದ್ದುದಕ್ಕೆ ಜನರ ಅಭಿರುಚಿಯಷ್ಟೇ ಕಾರಣವಲ್ಲ. ದರ್ಬಾರು ಮುಗಿದು ಕಾಡು ಬರಬೇಕಾದರೆ ಒಳಗೆ ಸಿಂಹಾಸನ ಎತ್ತಿ ಮರಗಳನ್ನು ನಿಲ್ಲಿಸಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಹಿಡಿದು ಕೂರಿಸಲು ಬೀದಿಯ ಚಿತ್ರವಿದ್ದ ಮುಂದಿನ ಪರದೆಯನ್ನು ಇಳಿಬಿಟ್ಟು, ಅದರ ಮುಂದಿನ ನಾಲ್ಕು ಅಡಿ ಜಾಗಕ್ಕೆ ಹಾಸ್ಯದವರನ್ನು ಕಳಿಸುತ್ತಿದ್ದರು. ಕಥೆಗೆ ಅಂಟದ ‘ಕಾಮಿಡಿ ಟ್ರ್ಯಾಕ್’ ಎಂದು ನಾವಿಂದು ಮೂಗು ಮುರಿಯುವುದಕ್ಕೆ ಹೀಗೆ ಬಡಗಿ ಕೆಲಸದ ನಂಟೂ ಉಂಟು.

ಅಂಥದೊಂದು ರಾತ್ರಿ ಪರದೆಯ ಹಿಂದೆ ಏನೋ ಭಾರವಾದದ್ದು ಧಡಾರನೆ ಬಿತ್ತು. ಹಾಸ್ಯದ ನಟ ಮಾತು ನಿಲ್ಲಿಸಿದ. ಪರದೆಯ ಕಡೆ ನೋಡಿದ, ನಮ್ಮ ಕಡೆ ನೋಡಿದ, ಹೆಗಲ ಮೇಲಿನ ಟವೆಲನ್ನು ತೆಗೆದು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡ. ಇನ್ನೂ ಬಾಯಿ ತೆರೆದಿರಲಿಲ್ಲ, ನೆಲದ ಮೇಲೆ ಕೂತಿದ್ದವರಲ್ಲಿ ನಗು ಏಳತೊಡಗಿತು. ಅದು ಹಿಂದಿನ ಕುರ್ಚಿಗಳವರೆಗೆ ಹೋಗಿ ಮುಟ್ಟುವ ತನಕ ಕಾದು, ಆಮೇಲೆ, “ಮೆತ್ತಗೆ ಕಣ್ರಪ್ಪೋ, ಇಂದ್ರನ ಸಿಂಹಾಸನ ಬಾಡಿಗೇದು” ಎಂದ. ನನ್ನ ತಂದೆಯವರು ಮನೆ ತಲುಪುವವರೆಗೂ ಆ ಮಾತು ನೆನೆದು ನಗುತ್ತಲೇ ಇದ್ದರು. ಬರೆದು ನೋಡಿದರೆ ಮಾತು ಸಾಧಾರಣವೇ. ಕೆಲಸ ಮಾಡಿದ್ದು ಅದಕ್ಕೆ ಮುಂಚಿನ ಮೌನ, ಮತ್ತು ಆ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ನಟನಿಗೆ ಹೇಳಿಕೊಟ್ಟವರು ಎದುರಿಗೆ ಕೂತ ನಾವು.

ನಮ್ಮ ಸಿನಿಮಾ ಹಾಸ್ಯ ಈ ರಂಗದಿಂದಲೇ ಎದ್ದು ಬಂದದ್ದು. ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ವೀರಣ್ಣನವರು ಸ್ವತಃ ಹೆಸರಾಂತ ಹಾಸ್ಯನಟರು. ಅವರ ‘ಸದಾರಮೆ’ 1935ರಲ್ಲಿ, ಅಂದರೆ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದ ಮರುವರ್ಷವೇ, ತೆರೆಗೆ ಬಂತು. 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದ ನರಸಿಂಹರಾಜು ಅವರು ಬಾಲ್ಯದಿಂದಲೇ ಕಂಪನಿಗಳಲ್ಲಿ ಪಳಗಿದವರು. (ಅವರು ನಮ್ಮ ತಿಪಟೂರಿನವರು ಎಂಬ ಅಭಿಮಾನವನ್ನು ಇಲ್ಲಿ ಮುಚ್ಚಿಡಲಾರೆ.) ಪ್ರೇಕ್ಷಕರೇ ಇಲ್ಲದ ಮದ್ರಾಸಿನ ಸ್ಟುಡಿಯೋದಲ್ಲಿ, ಕ್ಯಾಮೆರಾ ತಿರುಗುವಾಗ ಯಾರೂ ಕಿಸಕ್ಕೆನ್ನಬಾರದ ಕಡೆ, ಮುಂದೆಂದೋ ಚಿತ್ರಮಂದಿರದಲ್ಲಿ ಏಳಲಿರುವ ನಗುವಿಗೆ ಇಂದೇ ಜಾಗ ಬಿಡುವುದು ಎಷ್ಟು ಕಠಿಣವೆಂದು ಯೋಚಿಸಬೇಕು. ಬಾಲಕೃಷ್ಣ ಅವರದು ಇನ್ನೂ ದೊಡ್ಡ ಮಾತು: ಕಿವಿ ಸರಿಯಾಗಿ ಕೇಳಿಸದ ಆ ಮಹಾನಟರು ಎದುರಿನವರ ತುಟಿಯ ಚಲನೆಯನ್ನು ಗಮನಿಸಿ ತಮ್ಮ ಸರದಿ ಹಿಡಿಯುತ್ತಿದ್ದರು. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿ, ನಡುವೆ ಕತ್ತರಿ ಹಾಕದೆ ಬಿಟ್ಟ ಹಳೆಯ ದೃಶ್ಯಗಳನ್ನು ಈಗ ನೋಡಿದರೂ, ಒಬ್ಬರು ಮಾತಾಡುವಾಗ ಇನ್ನೊಬ್ಬರ ಮುಖ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಕಾಣುತ್ತದೆ.

ಶುದ್ಧಿಯ ವಿಚಾರಕ್ಕೆ ಬಂದರೆ, ದ್ವಂದ್ವಾರ್ಥ ಕಂಪನಿ ನಾಟಕದಲ್ಲಿಯೂ ಇತ್ತು. ನಮ್ಮ ಮನೆಯ ಹೆಂಗಸರನ್ನು ಕೆಲವು ನಾಟಕಗಳಿಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಕಾಶಿನಾಥ್ ಅವರ ‘ಅನುಭವ’ (1984) ಬಂದಾಗ ಎದ್ದ ಗದ್ದಲವನ್ನು ಲೇಖಕರು ಮರೆತಂತಿದೆ. ಅದೇ ಚಿತ್ರದಲ್ಲಿ ನಟಿಸಿ, ಮುಂದೆ ಎನ್.ಎಸ್. ರಾವ್ ಅವರ ಜೋಡಿಯಾಗಿ ವರ್ಷಗಟ್ಟಲೆ ಅಂಥ ಸಂಭಾಷಣೆಗಳನ್ನು ಹೇಳಿದ ಉಮಾಶ್ರೀ ಅವರೇ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಮಾತು ಅಗ್ಗವಾಗಿದ್ದಾಗಲೂ ನಟಿ ಅಗ್ಗವಾಗಿರಲಿಲ್ಲ.

ಟಿ.ವಿ. ಎಲ್ಲವನ್ನೂ ಕೆಡಿಸಿತು ಎಂಬುದೂ ಅನ್ಯಾಯ. ‘ಪಾಪ ಪಾಂಡು’ವಿನಂಥ ಧಾರಾವಾಹಿ ಒಂದು ಮನೆ, ನಾಲ್ಕೈದು ಪಾತ್ರಗಳನ್ನಿಟ್ಟುಕೊಂಡು ವರ್ಷಗಟ್ಟಲೆ ನಗಿಸಿತು. 2016ರಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಜಿಲ್ಲೆಗಳ ಹವ್ಯಾಸಿ ರಂಗದ ಹುಡುಗ ಹುಡುಗಿಯರಿಗೆ ಬಾಗಿಲು ತೆರೆಯಿತು. ಸ್ಕಿಟ್ ಎಂದರೆ ಮುಂದಿನ ಪರದೆಯ ಹಾಸ್ಯವೇ ಹಿಂದಿನ ದರ್ಬಾರನ್ನು ಬಿಟ್ಟು ಒಂಟಿಯಾಗಿ ಬಂದು ನಿಂತದ್ದು.

ಹಾಗಾದರೆ ಕೆಟ್ಟದ್ದೆಲ್ಲಿ? ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ಮಗಳು ಒಂದು ವಾಹಿನಿಯ ಹಾಸ್ಯ ಕಾರ್ಯಕ್ರಮದ ಚಿತ್ರೀಕರಣಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಆಟ ಶುರುವಾಗುವ ಮುನ್ನವೇ ಒಬ್ಬ ಹುಡುಗ ನಮ್ಮ ಮುಂದೆ ನಿಂತು, “ಈಗ ಜೋರಾಗಿ ನಗಿ, ಈಗ ಚಪ್ಪಾಳೆ” ಎಂದು ಹೇಳಿ ನಮ್ಮ ಮುಖಗಳನ್ನು ಚಿತ್ರಿಸಿಕೊಂಡ. ಆಮೇಲೆ ನಡೆದ ಸ್ಕಿಟ್‌ನಲ್ಲಿ ಮದುವೆ ದಲ್ಲಾಳಿಯ ಪಾತ್ರದ ಹುಡುಗ, ಹೆಣ್ಣಿನ ತಂದೆ ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಕಾಫಿ ಲೋಟವನ್ನು ತುಟಿಗಿಟ್ಟು ಹಾಗೇ ನಿಂತ. ಸಭಾಂಗಣದಲ್ಲಿ ಯಾರೂ ಹೇಳದೆಯೇ ನಗು ಎದ್ದಿತು, ತಗ್ಗಿತು, ಅವನು ಲೋಟವನ್ನು ಇನ್ನಷ್ಟು ಎತ್ತಿದಾಗ ಮತ್ತೆ ಎದ್ದಿತು. ಅರವತ್ತು ವರ್ಷಗಳ ಹಿಂದಿನ ಆ ಟವೆಲು ನನಗೆ ಕಣ್ಣಿಗೆ ಕಟ್ಟಿತು.

ಪ್ರಸಾರದ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕಾದೆ. ಹುಡುಗ ಲೋಟ ಎತ್ತುತ್ತಿದ್ದಂತೆ ‘ಟೊಂಯ್’ ಎಂಬ ಸದ್ದು. ಒಡನೆಯೇ ತೀರ್ಪುಗಾರರು ಮೇಜು ತಟ್ಟಿ ನಗುವ ಮುಖಗಳು. ಬೆನ್ನಿಗೇ ನಮ್ಮ ಸಾಲಿನ, ಆ ಮೊದಲೇ ಚಿತ್ರಿಸಿಕೊಂಡಿದ್ದ ನಗು, ಅದರಲ್ಲಿ ನಾನೂ ಇದ್ದೆ. ಕ್ಯಾಮೆರಾ ಮರಳಿ ಬರುವಷ್ಟರಲ್ಲಿ ಲೋಟ ಕೆಳಗಿಳಿದು ಹುಡುಗ ಮಾತಾಡುತ್ತಿದ್ದ. ಅವನ ಅಭಿನಯದ ಅತ್ಯುತ್ತಮ ಗಳಿಗೆಯನ್ನು ನಾಡಿನ ಜನ ನೋಡಲೇ ಇಲ್ಲ.

ಧ್ವನಿಮುದ್ರಿತ ನಗು ಹೊಸದಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ತಂತ್ರಜ್ಞ ಗುಂಡಿ ಒತ್ತಿದರೆ ನಗುವ ಯಂತ್ರವನ್ನು 1950ರ ದಶಕದಲ್ಲೇ ಮಾಡಿದ್ದ. ಆದರೆ ಆ ಯಂತ್ರದ ನಗು ಕಿವಿಗಷ್ಟೇ ಬೀಳುತ್ತಿತ್ತು, ನಟನ ಮುಖ ತೆರೆಯ ಮೇಲೆಯೇ ಉಳಿಯುತ್ತಿತ್ತು. ನಮ್ಮಲ್ಲಿ ನಗುವವರ ಮುಖ ತೋರಿಸಲು ನಗಿಸುವವನನ್ನೇ ತೆರೆಯಿಂದ ಇಳಿಸುತ್ತಿದ್ದೇವೆ. ಹೀಗಾಗಿ ಎಳೆಯ ನಟರೂ ಮೌನವನ್ನು ನಂಬುವುದು ಬಿಟ್ಟು, ಕತ್ತರಿಗೆ ಸಿಗದಂತೆ ಮಾತಿನ ಮೇಲೆ ಮಾತು ಪೇರಿಸಿ, ಕಿರುಚಿ, ಬಿದ್ದು ಎದ್ದು ಉಳಿದುಕೊಳ್ಳಲು ನೋಡುತ್ತಾರೆ. ಲೇಖಕರು ‘ಅಗ್ಗ’ ಎಂದು ಕರೆದದ್ದರಲ್ಲಿ ಬಹುಪಾಲು ಈ ಅವಸರವೇ ಎಂದು ನನ್ನ ಅನಿಸಿಕೆ.

ವಾಹಿನಿಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಪ್ರಸಾರದ ಆವೃತ್ತಿಯನ್ನು ಅವರು ಹೇಗಾದರೂ ಕತ್ತರಿಸಿಕೊಳ್ಳಲಿ. ಪ್ರತಿ ವಾರದ ಒಂದು ಸ್ಕಿಟ್ಟನ್ನಾದರೂ, ನಟರು ಮಾತ್ರ ಕಾಣುವಂತೆ, ಸದ್ದು ಸೇರಿಸದೆ, ರಂಗದ ಮೇಲೆ ಆಡಿದ ಹಾಗೆಯೇ ಯೂಟ್ಯೂಬ್‌ನಲ್ಲಿ ಹಾಕಲಿ. ಆ ದಲ್ಲಾಳಿಯ ಸ್ಕಿಟ್‌ನ ಪೂರ್ಣ ಮುದ್ರಣ ಎಲ್ಲಾದರೂ ಉಳಿದಿದ್ದರೆ, ಅದರಿಂದಲೇ ಶುರುಮಾಡಬಹುದು.

ಇಂತಿ,
ನಿಮ್ಮ ಹಳೆಯ ಓದುಗ,
ತಿಪಟೂರು