ಮೆಟ್ಟಿಲ ಕೆಳಗೆ ಎಲ್ಲವನ್ನೂ ತುರುಕಬೇಡಿ

ಮಾನ್ಯ ಸಂಪಾದಕರೇ,

ಮೈಸೂರಿನ ಬಡಾವಣೆಗಳಲ್ಲಿ 20×30 ಅಡಿ ನಿವೇಶನದಲ್ಲಿ ಮನೆ ಕಟ್ಟುವವರು ದೇವರಮನೆಗೆ ನಕ್ಷೆಯಲ್ಲೇ ಜಾಗ ಗುರುತಿಸುತ್ತಾರೆ. ಸಿಲಿಂಡರ್, ಯುಪಿಎಸ್ ಬ್ಯಾಟರಿ, ವಾಷಿಂಗ್ ಮಷೀನ್ ನೆನಪಾಗುವುದು ಗೃಹಪ್ರವೇಶದ ಮಾರನೆಯ ದಿನ. ಆಗ ಉಳಿದಿರುವುದು ಮೆಟ್ಟಿಲ ಕೆಳಗಿನ ಗೂಡೊಂದೇ.

ಅಪಾಯವಿರುವುದು ಅಲ್ಲೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಂಟಿ ಹರಡುತ್ತದೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಬಿಡುವ ಹೈಡ್ರೋಜನ್ ಹಗುರ. ಮೇಲೇರಿ ಸೂರಿನಡಿ ಸೇರುತ್ತದೆ. ಎರಡನ್ನೂ ಒಂದೇ ಬಾಗಿಲ ಹಿಂದೆ ಇಟ್ಟರೆ ಸ್ವಿಚ್ಚಿನ ಒಂದು ಕಿಡಿ ಸಾಕು. ಸಿಲಿಂಡರಿಗೆ ನೆಲಮಟ್ಟದಲ್ಲಿ ಜಾಲರಿ ಕಿಂಡಿ ಬೇಕು. ಪಕ್ಕದಲ್ಲಿ ಸಂಪಿನ ಮುಚ್ಚಳವಾಗಲಿ ಚರಂಡಿ ಬಾಯಾಗಲಿ ಇರಕೂಡದು. ಬ್ಯಾಟರಿಗೆ ಮೇಲ್ಗಡೆ ಕಿಂಡಿ, ಡಿಸ್ಟಿಲ್ಡ್ ವಾಟರ್ ತುಂಬಲು ಮೇಲೆ ಒಂದಡಿ ಖಾಲಿ ಜಾಗ. ಗ್ಯಾಸ್ ಗೀಸರ್ ಸ್ನಾನದ ಮನೆಯೊಳಗೆ ಬೇಡವೇ ಬೇಡ. ಅದು ಉರಿಯುವಾಗ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ವಾಷಿಂಗ್ ಮಷೀನ್ 60 ಸೆಂ.ಮೀ. ಆಳವೆಂದು ಅಷ್ಟೇ ಜಾಗ ಬಿಟ್ಟರೆ ಹಿಂದಿನ ಪೈಪು ಮಡಚಿಕೊಳ್ಳುತ್ತದೆ. 70 ಆದರೂ ಬಿಡಿ. ಕೊಳೆನೀರಿನ ಪೈಪನ್ನು ನೆಲದ ಜಾಲರಿಗೆ ಹಾಗೇ ಇಳಿಬಿಟ್ಟರೆ ಮುಂದೆ ಬಾಗಿಲಿರುವ (ಫ್ರಂಟ್ ಲೋಡ್) ಮಷೀನಿನಲ್ಲಿ ತುಂಬಿದ ನೀರು ತುಂಬಿದಂತೆಯೇ ಹರಿದುಹೋಗುವುದುಂಟು. ಎರಡಡಿಗಿಂತ ಮೇಲಕ್ಕೆ ಏರಿಸಿ ಇಳಿಸಬೇಕು. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಇದನ್ನು ನೋಡಿ!

ತಾರಸಿಯ 1,000 ಲೀಟರ್ ಟ್ಯಾಂಕಿನ ನೀರೇ ಒಂದು ಟನ್ ತೂಗುತ್ತದೆ. ಪಿಲ್ಲರಿನ ನೇರಕ್ಕೆ ಕೂರಿಸಿ. ಪಂಪಿಲ್ಲದ ಸೋಲಾರ್ ವಾಟರ್ ಹೀಟರ್ ಇದ್ದರೆ ಟ್ಯಾಂಕಿನ ತಳ ಸೋಲಾರ್ ಡ್ರಮ್ಮಿನ ನೆತ್ತಿಗಿಂತ ಮೇಲಿರಲಿ, ಇಲ್ಲವಾದರೆ ಟ್ಯಾಂಕಿನ ನೀರು ಇಳಿದಾಗ ಡ್ರಮ್ಮು ಪೂರ್ತಿ ತುಂಬುವುದಿಲ್ಲ.

– ಒಬ್ಬ ಕಟ್ಟಡ ಎಂಜಿನಿಯರ್, ಮೈಸೂರು