ಎರಡೂವರೆ ಕೆಜಿ ಬೇಡ ಮಾರಾಯ

ಪ್ರೀತಿಯ ಗೆಳೆಯಾ,

ಮಾಮಿಯಾ ಆರ್‌ಬಿ67 ಒಂದು ಸಿಕ್ಕಿದೆ, ತಗೊಳ್ಳಲಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಒಳ್ಳೇ ಕ್ಯಾಮೆರಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆನ್ಸ್ ಸೇರಿ ಎರಡೂವರೆ ಕೆಜಿಗೂ ಜಾಸ್ತಿ. ಸ್ಟುಡಿಯೋದಲ್ಲಿ ಸ್ಟ್ಯಾಂಡ್ ಮೇಲೆ ಕೂತರೆ ಚೆಂದ. ಬೆಳಿಗ್ಗೆಯ ಡೊಂಬಿವಲಿ ಲೋಕಲ್‌ನಲ್ಲಿ ನನಗೇ ನಿಲ್ಲೋಕೆ ಜಾಗ ಇರಲ್ಲ, ಅದಕ್ಕೆಲ್ಲಿ? ನೀನು ಮುಂಬೈಗೆ ಬಂದ ಮೇಲೆ ಅದು ಕಪಾಟಿನಲ್ಲೇ ಉಳಿಯುತ್ತದೆ.

ನಾನೀಗ ಒಯ್ಯುವುದು ವಾಯ್ಟ್‌ಲ್ಯಾಂಡರ್ ಪರ್ಕಿಯೋ. 1950ರ ದಶಕದ ಮಡಚುವ ಕ್ಯಾಮೆರಾ. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಕೂರುತ್ತದೆ. ಗುಂಡಿ ಒತ್ತಿ ಮುಂದಿನ ಮುಚ್ಚಳ ಎಳೆದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಬಿಚ್ಚಿಕೊಂಡು, ಲೆನ್ಸ್ ಟಕ್ ಅಂತ ಮುಂದೆ ಬಂದು ನಿಲ್ಲುತ್ತದೆ. ಇಷ್ಟು ಚಿಕ್ಕದಾದರೂ ಫಿಲ್ಮ್ ಮಾತ್ರ ಆರ್‌ಬಿ67ಗೆ ಹಾಕುವ ಅದೇ ಅಗಲದ ರೋಲ್, 120 ಅಂತಾರೆ. ನಿಮ್ಮ ಮನೆಯ ಹಳೇ ಅಗ್ಫಾ ಕ್ಲಿಕ್ 3ಗೆ ಹಾಕುತ್ತಿದ್ದದ್ದೂ ಇದೇ ರೋಲ್, ಅಲ್ವಾ? ಒಂದು ರೋಲಿಗೆ 12 ಫೋಟೋ. ಒಂದೊಂದು ನೆಗೆಟಿವ್ 56 ಮಿ.ಮೀ. ಚೌಕ. ಸಾಮಾನ್ಯ 35 ಎಂಎಂ ಫಿಲ್ಮಿನ ಮೂರೂವರೆ ಪಟ್ಟು ಜಾಗ.

ಇದರಲ್ಲಿ ಫೋಕಸ್ ತೋರಿಸುವ ವ್ಯವಸ್ಥೆ ಇಲ್ಲ. ದೂರ ನಾವೇ ಅಂದಾಜು ಮಾಡಿ ಲೆನ್ಸ್ ತಿರುಗಿಸಬೇಕು. ಹಗಲಲ್ಲಿ ಕಷ್ಟ ಇಲ್ಲ. ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿ 3 ಮೀಟರಿಗೆ ತಿರುಗಿಸಿದರೆ ಎರಡೂವರೆಯಿಂದ ಹೆಚ್ಚುಕಡಿಮೆ 4 ಮೀಟರ್ ತನಕ ಎಲ್ಲ ಸ್ಪಷ್ಟ. ಕತ್ತಲಲ್ಲಿ ಮಾತ್ರ ಪರೀಕ್ಷೆ.

ಹೋದ ವಾರ ಮಾಟುಂಗಾದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಹೂವಿನ ಅಂಗಡಿಯ ಅಜ್ಜಿ ಬಲ್ಬಿನ ಕೆಳಗೆ ಮಲ್ಲಿಗೆ ಕಟ್ಟುತ್ತಿದ್ದರು. ಹಾವೇರಿ ಕಡೆಯವರು. ಕನ್ನಡದಲ್ಲಿ ಕೇಳಿದೆ, ತೆಗಿ ಅಂದರು. ಮಂದ ಬೆಳಕಿಗೂ ಒಗ್ಗುವ 400ರ ಫಿಲ್ಮ್, ಕಿಂಡಿ ಎಫ್ 3.5ಕ್ಕೆ ಅಗಲ ತೆರೆದು, ಶಟರ್ 1/50 ಸೆಕೆಂಡ್. ಈ ಲೆಕ್ಕದಲ್ಲಿ ಸ್ಪಷ್ಟ ಬರೋದು ಒಂದು ಗೇಣಿಗಿಂತ ಕಡಿಮೆ ಜಾಗ ಅಷ್ಟೇ. ಅಜ್ಜಿ ಮೊಣಕೈಯಿಂದ ಬೆರಳತುದಿಗೆ ಮಾಲೆ ಹಿಡಿದು ಮೊಳ ಅಳೆಯುತ್ತಿದ್ದರು. ನನಗೂ ಅದೇ ಹೊಳೆಯಿತು. ಅವರ ಕೈಯಿಂದ ನನ್ನ ಲೆನ್ಸಿಗೆ ನಾಲ್ಕು ಮೊಳ, ಅಂದರೆ 6 ಅಡಿ. ಶಟರ್ ಸದ್ದು ಅವರಿಗೆ ಕೇಳಿಸಲೇ ಇಲ್ಲ. ನಿನ್ನೆ ನೆಗೆಟಿವ್ ತೊಳೆದೆ. ಹೆಬ್ಬೆರಳಿಗೆ ಸುತ್ತಿದ ಬಾಳೆನಾರಿನ ಎಳೆ ಎಳೆಯೂ ಕಾಣುತ್ತದೆ ಕಣೋ. ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ಇಂಥ ಮಡಚುವ ಕ್ಯಾಮೆರಾ ಕೊಳ್ಳುವಾಗ ಒಂದು ಕೆಲಸ ಮರೀಬೇಡ. ಕತ್ತಲೆ ಕೋಣೆಯಲ್ಲಿ ತಿದಿಯ ಒಳಗೆ ಸಣ್ಣ ಟಾರ್ಚ್ ಹಾಕಿ ಮೂಲೆಗಳನ್ನು ನೋಡು. ಹಾಗೆ ನೋಡದೆ ನಾನು ಮೊದಲು ಕೊಂಡ ಕ್ಯಾಮೆರಾದ ಮಡಿಕೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದವು. ಅಪ್ಪನ ಕೊನೆಯ ದೀಪಾವಳಿಯ ರೋಲ್ ಪೂರ್ತಿ ಬೆಳಕು ಕುಡಿದು ಹಾಳಾಯಿತು. ಆ ನೋವು ಇನ್ನೂ ಇದೆ. ಲೆನ್ಸಿಗೂ ಟಾರ್ಚ್ ಹಿಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಇಲ್ಲಿನ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಬೇಕೇ ಬೇಕು.

ಡಿಜಿಟಲ್ಲೇ ಬೇಕಂದರೆ 2025ರಲ್ಲಿ ಬಂದ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಆರ್‌ಎಫ್ ಇದೆ. 102 ಮೆಗಾಪಿಕ್ಸೆಲ್, ಸುಮಾರು 735 ಗ್ರಾಂ. ಬೆಲೆ ಲಕ್ಷಗಳಲ್ಲಿ. ನಮ್ಮಿಬ್ಬರಿಗೂ ಅದು ಸದ್ಯಕ್ಕೆ ದೂರ.

ಪರ್ಕಿಯೋದಲ್ಲಿ ಹೊಸ ರೋಲ್ ಹಾಕಿದ್ದೇನೆ. ಏಳು ತೆಗೆದಾಯಿತು, ಐದು ನಿನಗೆ. ಬಂದ ಮರುದಿನ ಐದೂವರೆಗೆ ಎಬ್ಬಿಸುತ್ತೇನೆ. ಅಜ್ಜಿಗೆ ಪ್ರಿಂಟ್ ಕೊಡಲು ಇಬ್ಬರೂ ಹೋಗೋಣ.

ನಿನ್ನ ಗೆಳೆಯ