ಆಲ್ಬಮ್ ಬಂತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ ಕಳೆದ ಶುಕ್ರವಾರ ಬಿಡುಗಡೆ ಆಯಿತು. ಎಂಟು ಹಾಡು, ಅದರಲ್ಲಿ ಎರಡು ತುಳು. ಕೇಳಿದವರಿಗೆ, ಸ್ಟೇಟಸ್ ಹಾಕಿದವರಿಗೆ ಎಲ್ಲರಿಗೂ ಥ್ಯಾಂಕ್ಸ್. ಆದರೆ ಈ ಬರಹ ರಾಕ್ ಅಂದ್ರೆ ಮಾರು ದೂರ ಹೋಗುವವರಿಗೇ ಜಾಸ್ತಿ ಸೇರಬೇಕು. ಅವರಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಮೊದಲು ಯಕ್ಷಗಾನ ಮೇಳದ ಚೆಂಡೆಯವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಆರನೇ ಹಾಡಿಗೆ ನಿಜವಾದ ಚೆಂಡೆಯೇ ಬೇಕಿತ್ತು, ಕಂಪ್ಯೂಟರ್‌ನಲ್ಲಿರುವ ರೆಡಿಮೇಡ್ ಸದ್ದು ಬೇಡ ಎಂದು ನಾವು ಹಟ ಹಿಡಿದಿದ್ದೆವು. ಮೇಳದವರಿಗೆ ತಿರುಗಾಟ ಮುಗಿಯುವುದು ಪತ್ತನಾಜೆಗೆ, ಅಂದರೆ ಮೇ ಕೊನೆಗೆ. ಅವರಿಗೆ ಪುರುಸೊತ್ತು ಆಗುವಾಗ ಮಂಗಳೂರಿನಲ್ಲಿ ಮಳೆ ಶುರು. ನಾವು ರೆಕಾರ್ಡ್ ಮಾಡಿದ್ದು ಬಿಜೈಯ ಒಂದು ಮನೆಯ ಮಹಡಿಯಲ್ಲಿ, ಮೇಲೆ ಶೀಟು. ಮಳೆ ಹೊಡೆದರೆ ಡ್ರಮ್ಸ್ ಮೇಲೆ ಇಟ್ಟ ಮೈಕಿನಲ್ಲಿ ಸಿಂಬಲ್‌ಗಿಂತ ಮಳೆಯೇ ಜೋರು. ತೇವಕ್ಕೆ ಗಿಟಾರಿನ ಶ್ರುತಿ ನಿಲ್ಲುವುದಿಲ್ಲ, ಚೆಂಡೆಯ ಚರ್ಮ ಸಡಿಲ ಆಗುತ್ತದೆ. ಅವರು ಬೇಸರ ಮಾಡಿಕೊಳ್ಳದೆ ಹಗ್ಗ ಎಳೆದು ಬಿಗಿ ಮಾಡಿ, ಮಳೆ ಬಿಡುವವರೆಗೆ ಕಾದು, ಬಿಟ್ಟ ಕೂಡಲೇ ಬಾರಿಸಿ, ಮತ್ತೆ ಮಳೆ ಬಂದರೆ ಮತ್ತೆ ಕಾದು, ಹೀಗೇ ಮುಗಿಸಿದರು. ಲಯ ತಪ್ಪದಿರಲು ಹೆಡ್‌ಫೋನಿನಲ್ಲಿ ಹಾಕುವ ಕ್ಲಿಕ್ ಟ್ರ್ಯಾಕ್ ಮಾತ್ರ ಬೇಡವೇ ಬೇಡ ಅಂದರು. ಭಾಗವತರ ಮುಖ ನೋಡಿ ಬಾರಿಸಿದವರಿಗೆ ಕಿವಿಯಲ್ಲಿ ಟಿಕ್ ಟಿಕ್ ಯಾಕೆ, ಅಲ್ವಾ? ಕೊನೆಗೆ ಕ್ಲಿಕ್ ಬಂದ್ ಮಾಡಿ ನಮ್ಮ ಡ್ರಮ್ಮರ್ ಅವರ ಕೈ ನೋಡಿಕೊಂಡು ಬಾರಿಸಿದ. ಆ ಹಾಡಿನ ಕೊನೆಗೆ ವೇಗ ಏರುತ್ತದಲ್ಲ, ಅಲ್ಲಿ ಅವರೇ ನಮ್ಮನ್ನು ಎಳೆದುಕೊಂಡು ಹೋದದ್ದು.

ಕೊಂಕಣಿ ಮದುವೆಗಳಲ್ಲಿ ಬ್ರಾಸ್ ಬ್ಯಾಂಡ್ ನುಡಿಸುವ ಟ್ರಂಪೆಟ್‌ನವರು ಒಂದೇ ಟೇಕಿನಲ್ಲಿ ಬಾರಿಸಿ ಚಾ ಕುಡಿದು ಹೋದರು. ದೇವರು ಒಳ್ಳೆಯದು ಮಾಡಲಿ.

ಪಕ್ಕದ ಮನೆಯ ಅಂಕಲ್ ನಮ್ಮ ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ. ಆದರೂ ‘ರೆಕಾರ್ಡಿಂಗ್’ ಎಂದು ಮೆಸೇಜ್ ಹಾಕಿದರೆ ಬಾವಿಯ ಪಂಪ್ ಆಫ್ ಮಾಡುತ್ತಿದ್ದರು.

ಮಿಕ್ಸಿಂಗ್ ಮಾಡಿದ ಮಣಿಪಾಲದ ಗೆಳೆಯನಿಗೆ ಬೇರೆಯೇ ಥ್ಯಾಂಕ್ಸ್. ಇನ್ನೂ ಜೋರು ಮಾಡು ಎಂದು ನಾವು ಅವನ ತಲೆ ತಿಂದೆವು. ಸ್ಪಾಟಿಫೈ ಹೇಗೂ ಅದನ್ನು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದು ಎಷ್ಟು ಜೋರು ಎಂದು ಅಳೆಯುವ ಲೆಕ್ಕ ಅದು) ಇಳಿಸಿಯೇ ಕೇಳಿಸುತ್ತದೆ, ಸುಮ್ನೆ ಡ್ರಮ್ಸನ್ನು ಹಿಂಡಿ ಚಪ್ಪಟೆ ಮಾಡೋದು ಯಾಕೆ ಎಂದು ಬೈದ. ಬೈದದ್ದು ಒಳ್ಳೆಯದೇ ಆಯಿತು, ಮನೆಯ ಸ್ಪೀಕರಿನಲ್ಲಿ ಕೇಳಿ ನೋಡಿ.

ಬಿಡುಗಡೆಯ ದಿನ ಸಿಡಿ ಕೊಂಡವರೇ, ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಸಿಡಿ ಪ್ಲೇಯರ್ ಇಲ್ಲ ಎಂದು ನಮಗೆ ಗೊತ್ತು. ಸ್ಪಾಟಿಫೈಯಲ್ಲಿ 2024ರಿಂದ ವರ್ಷಕ್ಕೆ 1,000 ಸಲವಾದರೂ ಓಡದ ಹಾಡಿಗೆ ರಾಯಲ್ಟಿ ಇಲ್ಲ. ನಮ್ಮಂಥವರಿಗೆ ಸದ್ಯಕ್ಕೆ ಕೈಗೆ ಸಿಕ್ಕ ಕಾಸು ನೀವು ಕೊಟ್ಟದ್ದೇ. ಅವತ್ತು ‘ಇನ್ನೊಂದು, ಇನ್ನೊಂದು’ ಎಂದು ಕೂಗಿದವರಿಗೆ: ರಾತ್ರಿ 10ಕ್ಕೆ ಮೈಕ್ ಬಂದ್ ಮಾಡಲೇಬೇಕು ಮಾರಾಯ್ರೆ, ನಮಗೂ ನಿಲ್ಲಿಸಲು ಮನಸ್ಸಿರಲಿಲ್ಲ.

ಇನ್ನು ಮೂರನೇ ಹಾಡು ಉದ್ದ ಆಯಿತು ಅನ್ನಿಸಿದರೆ ನೇರವಾಗಿ ಹೇಳಿ. ಅದರ ಬಗ್ಗೆ ನಮ್ಮೊಳಗೇ ಇನ್ನೂ ಜಗಳ ನಡೆಯುತ್ತಿದೆ.